ದಿನಕ್ಕೆ ನಾಲ್ಕು ಸಲ ಹಿಂದಿರುಗುವ ಹೊಳೆ

ಹೊಳೆ ಎಂದಮೇಲೆ ಅದಕ್ಕೊಂದು ಬೆಟ್ಟ ಬೇಕು, ಬೆಟ್ಟದಲ್ಲೊಂದು ಒರತೆ ಬೇಕು, ಒರತೆಯಿಂದ ಕಡಲಿನವರೆಗೆ ಇಳಿಜಾರು ಬೇಕು. ಇದ್ಯಾವುದೂ ಇಲ್ಲದೆ, ಕಡಲಲ್ಲೇ ಹುಟ್ಟಿ ಕಡಲಲ್ಲೇ ಮುಗಿಯುವ ಹೊಳೆಯೊಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿದೆ. ಉದ್ದ ಏಳು ಮೈಲಿ. ಸುಮಾರು ಆರು ಗಂಟೆ ಪೂರ್ವಕ್ಕೆ ಹರಿಯುತ್ತದೆ. ಆಮೇಲೆ ನಿಲ್ಲುತ್ತದೆ, ಅದೂ ಒಂದಿಷ್ಟು ನಿಮಿಷ ಮಾತ್ರ. ಮತ್ತೆ ಮೈಮುರಿದು ಎದ್ದು, ಬಂದ ದಾರಿಯಲ್ಲೇ ಪಶ್ಚಿಮಕ್ಕೆ ಆರು ಗಂಟೆ ಓಡುತ್ತದೆ! ಹಗಲೂ ರಾತ್ರಿ, ವರ್ಷವಿಡೀ ಇದೇ ಆಟ. ಸೆಳೆತ ಜೋರಾದಾಗ ಅದರ ವೇಗ ಗಂಟೆಗೆ 5.2 ಮೈಲಿ, ಅಂದರೆ ಎಂಟು ಕಿಲೋಮೀಟರಿಗೂ ಮಿಗಿಲು. ದಡದಲ್ಲಿ ಅದರ ಜೊತೆ ಸಾಗಬೇಕೆಂದರೆ ನಡೆದರೆ ಆಗದು, ಓಡಬೇಕು.

ಇದು ಕೇಪ್ ಕಾಡ್ ಕಾಲುವೆ. ಹಡಗುಗಳಿಗಾಗಿ ಮನುಷ್ಯರು ತೋಡಿದ್ದು. ತೈಲ ತುಂಬಿದ ಬಾರ್ಜುಗಳು, ಅವನ್ನು ಎಳೆಯುವ ಟಗ್ ದೋಣಿಗಳು, ಬಹುಮಹಡಿ ಪ್ರವಾಸಿ ಹಡಗುಗಳು, ಶ್ರೀಮಂತರ ಯಾಟುಗಳು, ಬಡ ಮೀನುದೋಣಿಗಳು, ಎಲ್ಲಕ್ಕೂ ಇದೇ ಹೆದ್ದಾರಿ. ಆ ಹೆದ್ದಾರಿಯ ಅಂಚಿನಲ್ಲಿ, ಪಾಚಿ ಹಿಡಿದ ಕಗ್ಗಲ್ಲುಗಳ ಮೇಲೆ, ಕೈಯಲ್ಲಿ ಹತ್ತು ಹನ್ನೊಂದು ಅಡಿಯ ಗಾಳದ ಕೋಲು ಹಿಡಿದು ನಿಂತವರ ಸಾಲು ನೋಡಬೇಕು! ಅವರ ಬಳಿ ದೋಣಿಯಿಲ್ಲ. ದೋಣಿಗೆ ಬೇಕಾದ ದುಡ್ಡೂ ಹಲವರ ಹತ್ತಿರ ಇರಲಾರದು. ಆದರೆ ಅವರು ಹಿಡಿಯುವ ಮೀನು ಮೂವತ್ತು, ನಲವತ್ತು, ಒಮ್ಮೊಮ್ಮೆ ಐವತ್ತು ಪೌಂಡು ತೂಗುವ ಕಡಲ ಮೀನು. ಸ್ಟ್ರೈಪ್ಡ್ ಬಾಸ್. ಅಲ್ಲಿಯವರ ಬಾಯಲ್ಲಿ ಸ್ಟ್ರೈಪರ್. ಬೆಳ್ಳಿ ಮೈಯ ಮೇಲೆ ಕಿವಿರಿನಿಂದ ಬಾಲದವರೆಗೆ ಏಳೆಂಟು ಕಪ್ಪು ಗೆರೆಗಳನ್ನು ಎಳೆದುಕೊಂಡು ಹುಟ್ಟಿರುವ ಪಟ್ಟೆಮೀನು.

ಅಷ್ಟು ದೊಡ್ಡ ಸಮುದ್ರವನ್ನು ಬಿಟ್ಟು ಅದು ಈ ಕಿರಿದಾದ ತೋಡಿಗೆ ಏಕೆ ಬರುತ್ತದೆ? ಹಡಗಿನ ಪ್ರೊಪೆಲರಿನ ಸದ್ದಿಗೆ ಹೆದರುವುದಿಲ್ಲವೇ? ಬೆಟ್ಟವಿಲ್ಲದ ಈ ಹೊಳೆಯನ್ನು ಓಡಿಸುತ್ತಿರುವುದಾದರೂ ಯಾವುದು? ಉತ್ತರ ಹುಡುಕುತ್ತಾ ಹೋದರೆ ಸಿಗುವುದೆಲ್ಲ ಒಂದಕ್ಕಿಂತ ಒಂದು ಸೋಜಿಗ.

ಮೊದಲು ನೀರಿನ ಗುಟ್ಟು. ಕೇಪ್ ಕಾಡ್ ಎನ್ನುವುದು ಅಟ್ಲಾಂಟಿಕ್ ಸಾಗರದೊಳಕ್ಕೆ ಬಹುದೂರ ಚಾಚಿ, ನಡುವೆ ಬಾಗಿ ಉತ್ತರಕ್ಕೆ ತಿರುಗಿದ ಮರಳಿನ ನೆಲ. ಅದು ಮುಖ್ಯಭೂಮಿಗೆ ಅಂಟಿಕೊಂಡಿರುವ ಕಡೆ ಒಂದು ಬದಿಗೆ ಕೇಪ್ ಕಾಡ್ ಕೊಲ್ಲಿ, ಇನ್ನೊಂದು ಬದಿಗೆ ಬಝರ್ಡ್ಸ್ ಕೊಲ್ಲಿ. ಎರಡೂ ಒಂದೇ ಸಾಗರದ ಮಕ್ಕಳು, ಆದರೆ ಎರಡರ ಗಡಿಯಾರ ಬೇರೆ, ಉಸಿರು ಬೇರೆ. ಕೇಪ್ ಕಾಡ್ ಕೊಲ್ಲಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ಒಂಬತ್ತು ಅಡಿಗೂ ಹೆಚ್ಚಿನ ವ್ಯತ್ಯಾಸ. ಬಝರ್ಡ್ಸ್ ಕೊಲ್ಲಿಯಲ್ಲಿ ಅದು ನಾಲ್ಕು ಅಡಿಯ ಆಸುಪಾಸು. ಅಲ್ಲಿ ಉಬ್ಬರ ಬರುವ ಹೊತ್ತಿಗೂ ಇಲ್ಲಿ ಉಬ್ಬರ ಬರುವ ಹೊತ್ತಿಗೂ ಸುಮಾರು ಮೂರು ಗಂಟೆಗಳ ಅಂತರ. ಅಂದಮೇಲೆ ಏನಾಗಬೇಕು? ಯಾವ ಕ್ಷಣದಲ್ಲಿ ನೋಡಿದರೂ ಒಂದು ತುದಿಯ ನೀರು ಎತ್ತರ, ಇನ್ನೊಂದು ತುದಿಯದು ತಗ್ಗು. ನಡುವೆ ಗೋಡೆಯಾಗಿದ್ದ ನೆಲವನ್ನು ಮನುಷ್ಯ ಕಡಿದುಬಿಟ್ಟ. ಇಲ್ಲಿ ಲಾಕ್ ಗೇಟುಗಳೂ ಇಲ್ಲ. ಪನಾಮದಂತೆ ಮೆಟ್ಟಿಲು ಹತ್ತಿಸಿ ಇಳಿಸುವ ತಾಪತ್ರಯವಿಲ್ಲ. ಬಾಗಿಲೇ ಇಲ್ಲದ ಮನೆಯೊಳಗೆ ಎರಡು ಸಮುದ್ರಗಳು ನುಗ್ಗಿ ತಮ್ಮ ಮಟ್ಟ ಸರಿಮಾಡಿಕೊಳ್ಳಲು ಹೆಣಗುತ್ತವೆ. ಸರಿಯಾಯಿತು ಅನ್ನುವಷ್ಟರಲ್ಲಿ ಚಂದ್ರ ಇನ್ನೊಂದು ಕಡೆ ಜಗ್ಗಿರುತ್ತಾನೆ!

ಆದ್ದರಿಂದ ಇಲ್ಲಿ ಗಾಳ ಹಾಕುವವನಿಗೆ ಉಬ್ಬರವಿಳಿತದ ಪಟ್ಟಿ ಸಾಲದು. ಸೆಳೆತದ ಪಟ್ಟಿ ಬೇಕು. ನೀರು ಏರುವ ಹೊತ್ತು ಬೇರೆ, ನೀರು ತಿರುಗುವ ಹೊತ್ತು ಬೇರೆ. ಹೊಸಬರು ಎಡವುವುದು ಇಲ್ಲೇ. 1875ರಿಂದ ಪ್ರಕಟವಾಗುತ್ತಿರುವ ‘ಎಲ್ಡ್ರಿಜ್’ ಎಂಬ ಹಳದಿ ರಟ್ಟಿನ ಪಂಚಾಂಗವೊಂದಿದೆ, ನಾವಿಕರಿಗಾಗಿ ಹುಟ್ಟಿದ್ದು. ಅದರಲ್ಲಿ ಈ ಕಾಲುವೆಗೆಂದೇ ವರ್ಷದ ಪ್ರತಿದಿನದ ಸೆಳೆತದ ವೇಳೆಗಳಿವೆ. ಪೂರ್ವಕ್ಕೆ ತಿರುಗುವುದು ಎಷ್ಟಕ್ಕೆ, ಪಶ್ಚಿಮಕ್ಕೆ ತಿರುಗುವುದು ಎಷ್ಟಕ್ಕೆ, ಎಲ್ಲ ನಿಮಿಷದ ಲೆಕ್ಕದಲ್ಲಿ. ಈಗ ಅದೇ ಲೆಕ್ಕ ಮೊಬೈಲಿನಲ್ಲೂ ಸಿಗುತ್ತದೆ ಅನ್ನಿ. ಈ ವೇಳೆ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುವುದರಿಂದ, ಒಂದೇ ದಿಕ್ಕಿನ ತಿರುವು ಮತ್ತೆ ಮುಂಜಾವಿಗೆ ಬಂದು ಸೇರಲು ಎರಡು ವಾರ ಬೇಕು. ತಿರುವೂ ಮುಂಬೆಳಗೂ ಒಟ್ಟಿಗೆ ಕೂಡುವ ಆ ಕೆಲವು ದಿನಗಳಿಗೆ ಕಾಲುವೆಯ ಮಂದಿ ‘ಬ್ರೇಕಿಂಗ್ ಟೈಡ್’ ಎನ್ನುತ್ತಾರೆ. ನಮ್ಮಲ್ಲಿ ಮದುವೆ ಮುಹೂರ್ತಕ್ಕೆ ರಜೆ ಹಾಕುವವರುಂಟು. ಅಲ್ಲಿ ಈ ಮುಹೂರ್ತಕ್ಕೆ.

ಆ ದಿನ ಬೆಳಗಿನ ಜಾವ ಮೂರೂವರೆಗೆ ಹೋಗಿ ನೋಡಿ! ಕಾಲುವೆಯ ಎರಡೂ ದಡಗಳಲ್ಲಿ ಉದ್ದಕ್ಕೂ ಡಾಂಬರಿನ ಸೇವಾರಸ್ತೆ ಇದೆ, ಕಾರುಗಳಿಗೆ ಪ್ರವೇಶವಿಲ್ಲ. ಹಾಗಾಗಿ ಎಲ್ಲರೂ ಸೈಕಲ್ ಸವಾರರು. ಸೈಕಲ್ಲೆಂದರೆ ಎಂಥ ಸೈಕಲ್ಲು! ಹಿಂಬದಿಗೆ ಪಿವಿಸಿ ಪೈಪು ಕಟ್ಟಿ ಅದರಲ್ಲಿ ಎರಡು ಮೂರು ಕೋಲುಗಳನ್ನು ಆಕಾಶಕ್ಕೆ ನೆಟ್ಟಿರುತ್ತಾರೆ, ಮುಂದೆ ಹಾಲಿನ ಕ್ರೇಟು, ಅದರೊಳಗೆ ಹುಸಿ ಎರೆಗಳ ಪೆಟ್ಟಿಗೆ, ಫ್ಲಾಸ್ಕು, ರೇನ್‌ಕೋಟು. ಬೂಟಿನ ಅಡಿಗೆ ಉಕ್ಕಿನ ಮೊಳೆಗಳು, ಏಕೆಂದರೆ ದಡಕ್ಕೆ ಹಾಸಿದ ಕಲ್ಲುಗಳ ಮೇಲಿನ ಪಾಚಿ ಯಾರನ್ನೂ ಬಿಡುವುದಿಲ್ಲ. ಹಣೆಗೆ ಕಟ್ಟಿದ ದೀಪಗಳು ಕತ್ತಲಲ್ಲಿ ಮಿಣುಕುತ್ತಾ ಸಾಲಾಗಿ ಸರಿಯುತ್ತವೆ. ದಾರಿದೀಪದ ಕಂಬಗಳಿಗೆ ನಂಬರುಗಳಿವೆ; ಅವೇ ಇಲ್ಲಿನ ವಿಳಾಸ. ಇಂಥ ನಂಬರಿನ ಕಂಬದ ಎದುರು ನೀರೊಳಗೆ ದಿಬ್ಬವಿದೆ, ಅಂಥ ನಂಬರಿನ ಎದುರು ಗುಂಡಿಯಿದೆ ಎಂಬುದು ಹಳಬರ ಬಾಯಿಪಾಠ. ಯಾವ ಕಂಬದ ಬಳಿ ನಿನ್ನೆ ಮೀನು ಬಿತ್ತು ಎಂದು ಕೇಳಿ ನೋಡಿ, ನಿಜ ಹೇಳಿದರೆ ಅದೇ ಆ ದಿನದ ಪವಾಡ. ಅಲ್ಲಿ ಬಾಯಿಬಿಡದವರೇ ಜಾಸ್ತಿ. ನನಗಂತೂ ಇದು ಸರಿ ಅನ್ನಿಸುತ್ತದೆ. ಕತ್ತಲಲ್ಲಿ ವರ್ಷಗಟ್ಟಲೆ ಜಾರಿ ಬಿದ್ದು ಕಲಿತದ್ದನ್ನು ಯಾರು ತಾನೇ ಪುಕ್ಕಟೆ ಕೊಡುತ್ತಾರೆ?

ಈಗ ನಡುಗಾಲುವೆಯನ್ನು ನೋಡಿ. ಕನಿಷ್ಠ 480 ಅಡಿ ಅಗಲ, ಇಳಿತದಲ್ಲೂ 32 ಅಡಿ ಆಳ. ಹಿಮಯುಗದ ನೀರ್ಗಲ್ಲು ಕರಗಿ ಹಿಂದೆ ಸರಿದಾಗ ಬಿಟ್ಟುಹೋದ ಬಂಡೆ, ಜಲ್ಲಿ, ಮರಳಿನ ರಾಶಿಯೇ ಈ ನೆಲ. ಆದ್ದರಿಂದ ತಳ ಸಪಾಟಿಲ್ಲ. ದಿಬ್ಬ, ಕುಳಿ, ಹೆಬ್ಬಂಡೆ. ಅವುಗಳ ಮೇಲೆ ನೀರು ರಭಸದಿಂದ ಹಾಯುವಾಗ ಮೇಲ್ಮೈಯಲ್ಲಿ ಸುಳಿಗಳೇಳುತ್ತವೆ, ಕುದಿತದ ಗುಳ್ಳೆಗಳೇಳುತ್ತವೆ, ನೊರೆಯ ಗೆರೆಗಳು ಮೂಡುತ್ತವೆ. ಮೇಲಿಂದ ನೋಡುವವರಿಗೆ ಅದೊಂದು ಅಬ್ಬರ. ಆದರೆ ತಳದಲ್ಲಿ, ಬಂಡೆಯ ಮರೆಯಲ್ಲಿ, ಅಂಗೈಯಗಲದ ನಿಶ್ಚಲ ನೀರಿರುತ್ತದೆ. ಸ್ಟ್ರೈಪರ್ ನಿಲ್ಲುವುದು ಅಲ್ಲಿ! ಸೆಳವಿಗೆ ಎದುರಾಗಿ ಮೂತಿ ಇಟ್ಟು, ಬಾಲವನ್ನು ಆಗೊಮ್ಮೆ ಈಗೊಮ್ಮೆ ಅಲ್ಲಾಡಿಸುತ್ತಾ, ಶಕ್ತಿ ಖರ್ಚಿಲ್ಲದೆ ಕಾಯುತ್ತದೆ. ತಲೆಯ ಮೇಲೆ ಬಂಗುಡೆಯ ಬಂಧುಗಳಾದ ಮ್ಯಾಕರೆಲ್‌ಗಳು, ಹೆರಿಂಗ್‌ಗಳು, ಮೆನ್ಹೇಡನ್‌ಗಳು, ಬೊಂಡಾಸುಗಳು ಸೆಳವಿಗೆ ಸಿಕ್ಕಿ ದಿಕ್ಕುತಪ್ಪಿ ಉರುಳಿಕೊಂಡು ಬರುತ್ತವೆ. ಬೇಟೆಗಾರ ಓಡಬೇಕಾಗಿಲ್ಲ. ಊಟವೇ ಗಂಟೆಗೆ ಐದು ಮೈಲಿ ವೇಗದಲ್ಲಿ ಬಾಯಿಗೆ ಬರುತ್ತದೆ.

ಹೆಜ್ಜೆಹೆಜ್ಜೆಗೂ ಬೆರಗು ಎಂದರೆ ಇದೇ ನೋಡಿ. ಹರಿವ ನೀರು ಈ ಮೀನಿನ ಹುಟ್ಟಿನಲ್ಲೇ ಇದೆ. ಸ್ಟ್ರೈಪರ್ ಬದುಕುವುದು ಉಪ್ಪುನೀರಿನಲ್ಲಿ, ಮೊಟ್ಟೆಯಿಡುವುದು ಸಿಹಿನೀರಿನಲ್ಲಿ. ಅಟ್ಲಾಂಟಿಕ್ ತೀರದ ಸ್ಟ್ರೈಪರ್‌ಗಳಲ್ಲಿ ಬಹುಪಾಲು ಹುಟ್ಟುವುದು ದಕ್ಷಿಣದ ಚೆಸಪೀಕ್ ಕೊಲ್ಲಿಗೆ ಬಂದು ಸೇರುವ ನದಿಗಳಲ್ಲಿ. ಉಳಿದವು ಹಡ್ಸನ್, ಡೆಲವೇರ್ ನದಿಗಳಲ್ಲಿ. ಮೊಟ್ಟೆ ತೇಲುವುದೂ ಇಲ್ಲ, ಸರಿಯಾಗಿ ಮುಳುಗುವುದೂ ಇಲ್ಲ. ಅದು ಒಡೆದು ಮರಿಯಾಗುವ ಎರಡು ದಿನ ಹರಿವು ಅದನ್ನು ತಳಕ್ಕೆ ಬೀಳದಂತೆ ಎತ್ತಿ ಹಿಡಿದಿರಬೇಕು. ಹರಿವು ನಿಂತರೆ ಮೊಟ್ಟೆ ಕೆಸರಲ್ಲಿ ಹೂತು ಸಾಯುತ್ತದೆ. ಹುಟ್ಟುವ ಮುನ್ನವೇ ಸೆಳವಿನ ಕೈಯಲ್ಲಿ ತೂಗಿದ ಮೀನಿದು! ಬೆಳೆದಮೇಲೆ ವಸಂತದಲ್ಲಿ ಉತ್ತರಕ್ಕೆ ಹೊರಡುತ್ತದೆ. ನ್ಯೂಜೆರ್ಸಿ, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್ ದಾಟಿ ಮೇನ್ ರಾಜ್ಯದವರೆಗೆ. ಚಳಿ ಬಿದ್ದಾಗ ವಾಪಸು. ಮೂವತ್ತು ವರ್ಷ ಬದುಕಬಲ್ಲದು. ಮೇ ತಿಂಗಳಲ್ಲಿ ಕಾಲುವೆಯ ಪಶ್ಚಿಮ ಬಾಯಿಯ ಬಳಿ ಬಂದಾಗ ಅದಕ್ಕೆ ಕಾಣುವುದೇನು? ಬೆಚ್ಚನೆಯ ಬಝರ್ಡ್ಸ್ ಕೊಲ್ಲಿಯ ತುದಿಯಲ್ಲಿ ಜೋರಾಗಿ ಹರಿಯುವ ಒಂದು ಹೊಳೆ, ಅದರಾಚೆ ತಣ್ಣನೆಯ ಕೇಪ್ ಕಾಡ್ ಕೊಲ್ಲಿ, ನಡುವೆ ಊಟವೇ ಊಟ. ಇದನ್ನು ತೋಡಿದ್ದು ಯಾವ ಕಂಪನಿ ಎಂದು ಅದು ಕೇಳುವುದಿಲ್ಲ. ನೂರಿಪ್ಪತ್ತು ವರ್ಷದ ಹಿಂದೆ ಇಲ್ಲದಿದ್ದ ಹೊಳೆಯನ್ನು ಲಕ್ಷಾಂತರ ವರ್ಷಗಳ ಹಳೆಯ ಮೀನು ತನ್ನದೆಂದು ಒಪ್ಪಿಕೊಂಡುಬಿಟ್ಟಿದೆ!

ಮತ್ತೊಂದು ಮೀನಿನ ಕಥೆಯಂತೂ ನನ್ನನ್ನು ಕಟ್ಟಿಹಾಕಿತು. ಕಾಲುವೆ ಬರುವ ಮೊದಲು ಇಲ್ಲಿ ಎರಡು ಪುಟ್ಟ ನೀರಿನ ದಾರಿಗಳಿದ್ದವು. ಪಶ್ಚಿಮಕ್ಕೆ ಹರಿಯುತ್ತಿದ್ದ ಮಾನ್ಯುಮೆಂಟ್ ನದಿ, ಪೂರ್ವಕ್ಕೆ ಹರಿಯುತ್ತಿದ್ದ ಸ್ಕಸೆಟ್ ಹಳ್ಳ. ಆ ಎರಡು ಕಣಿವೆಗಳ ಜಾಡು ಹಿಡಿದೇ ಕಾಲುವೆ ತೋಡಿದರು. ನದಿ ಮಾಯವಾಯಿತು. ಆದರೆ ಆ ನದಿ ಹತ್ತಿ, ಒಳನಾಡಿನ ಗ್ರೇಟ್ ಹೆರಿಂಗ್ ಕೆರೆಗೆ ಹೋಗಿ ಮೊಟ್ಟೆಯಿಡುತ್ತಿದ್ದ ಹೆರಿಂಗ್ ಮೀನುಗಳಿದ್ದವಲ್ಲ, ಅವು ಏನು ಮಾಡಬೇಕು? ಬೋರ್ನ್‌ಡೇಲ್ ಎಂಬಲ್ಲಿ ಕಾಲುವೆಯ ದಡದಿಂದ ಕೆರೆಯ ತೊರೆಗೆ ಮೀನಿನ ಏಣಿ ಕಟ್ಟಿಕೊಟ್ಟರು. ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಯುವ ಒಂದು ಸಣ್ಣ ತೂಬು. ಇವತ್ತಿಗೂ ಪ್ರತಿ ಏಪ್ರಿಲ್, ಮೇ ತಿಂಗಳಲ್ಲಿ ಕಡಲಿಂದ ಬರುವ ಹೆರಿಂಗ್‌ಗಳು ಹಡಗುಗಳ ಅಡಿಯಲ್ಲಿ ಈಜಿ, ರಕ್ಕಸ ಸೆಳವನ್ನು ದಾಟಿ, ಏಳು ಮೈಲಿ ಕಲ್ಲುದಡದ ನಡುವೆ ಆ ಒಂದೇ ಒಂದು ಸಂದನ್ನು ಹುಡುಕಿ ಮೇಲೇರುತ್ತವೆ. ಅವು ಮೂಗಿನಲ್ಲಿ ಹಿಡಿದಿಟ್ಟುಕೊಂಡಿರುವುದು ತಾವು ಹುಟ್ಟಿದ ನೀರಿನ ವಾಸನೆ. ಮಕ್ಕಳು, ಮುದುಕರು ಏಣಿಯ ಪಕ್ಕ ಬಗ್ಗಿ ನಿಂತು, ಒಂದೊಂದೇ ಬೆನ್ನು ನೀರೊಳಗೆ ಮಿಂಚುವುದನ್ನು ನೋಡುತ್ತಾರೆ. 2006ರಿಂದ ಈ ರಾಜ್ಯದಲ್ಲಿ ಹೆರಿಂಗ್ ಹಿಡಿಯುವುದು ನಿಷೇಧ. ಸ್ಟ್ರೈಪರ್‌ಗೆ ಮಾತ್ರ ಆ ಕಾನೂನು ಅನ್ವಯಿಸದು! ಏಣಿಯ ಎದುರಿನ ಸುಳಿಯಲ್ಲಿ ಅವು ಹೊಂಚುಹಾಕುತ್ತವೆ, ಅವಕ್ಕೆ ಹೊಂಚುಹಾಕಿ ದಡದಲ್ಲಿ ಮನುಷ್ಯರು.

ಗಾಳ ಬೀಸುವುದೂ ಇಲ್ಲಿ ಬೇರೆಯೇ ವಿದ್ಯೆ. ನಮ್ಮ ಅಳಿವೆಗಳಲ್ಲಿ ಎರೆ ಸಿಕ್ಕಿಸಿ ಎಸೆದು ಬೀಡಿ ಹಚ್ಚಿ ಕೂರುವ ನೆಮ್ಮದಿ ಇಲ್ಲಿಲ್ಲ. ನಾಲ್ಕೈದು ಔನ್ಸು ತೂಕದ ಸೀಸದ ತಲೆ, ಅದಕ್ಕೆ ಜಿಂಕೆಯ ಬಾಲದ ಕೂದಲು ಕಟ್ಟಿದ್ದು, ಇಲ್ಲವೆ ಮೆತ್ತನೆ ಪ್ಲಾಸ್ಟಿಕ್ಕಿನ ಬಾಲ ಕುಣಿಸುವ ಮೀನಿನ ಗೊಂಬೆ. ಇದೇ ಜಿಗ್. ಅದನ್ನು ನೇರ ಎದುರಿಗೆ ಎಸೆದರೆ ತಳ ಮುಟ್ಟುವ ಮೊದಲೇ ಸೆಳವು ಎಳೆದುಕೊಂಡು ಹೋಗಿಬಿಡುತ್ತದೆ. ಆದ್ದರಿಂದ ಹರಿವಿನ ಮೇಲ್ಗಡೆಗೆ ಓರೆಯಾಗಿ ಎಸೆಯಬೇಕು. ಅದು ಮುಳುಗುತ್ತಾ ನಿಮ್ಮ ಎದುರಿಗೆ ಬರುವ ಹೊತ್ತಿಗೆ ತಳ ಮುಟ್ಟಿರಬೇಕು. ಟಕ್. ಒಂದು ಕಲ್ಲು. ಮತ್ತೆ ಟಕ್. ಕೋಲಿನ ತುದಿಯಿಂದ ಬೆರಳಿಗೆ ಬರುವ ಆ ಸಣ್ಣ ಸುದ್ದಿಯಲ್ಲೇ ಮೂವತ್ತು ಅಡಿ ಕೆಳಗಿನ ಕತ್ತಲ ಭೂಗೋಳವನ್ನು ಓದಬೇಕು. ಸ್ವಲ್ಪ ತೂಕ ಹೆಚ್ಚಾದರೆ ಬಂಡೆಗೆ ಸಿಕ್ಕಿ ಜಿಗ್ ಹೋಯಿತು. ಕಡಿಮೆಯಾದರೆ ಮೀನಿನ ತಲೆಯ ಮೇಲೆಲ್ಲೋ ತೇಲಿಹೋಯಿತು. ಸೆಳವು ಏರಿದಂತೆ ತೂಕ ಏರಿಸಬೇಕು, ಇಳಿದಂತೆ ಇಳಿಸಬೇಕು. ಜಿಗ್ ತಳದ ದಿಬ್ಬ ಹತ್ತಿ ಆಚೆಗೆ ಉರುಳುವ ಆ ಒಂದು ಗಳಿಗೆಯಲ್ಲಿ ಹೆಚ್ಚಿನ ಹೊಡೆತ ಬೀಳುವುದು. ಅದು ಕಚ್ಚುವುದಲ್ಲ, ಹೊಡೆತವೇ! ಕೋಲು ಬಾಗಿ, ರೀಲಿನಿಂದ ದಾರ ಕಿರುಚುತ್ತಾ ಓಡುತ್ತದೆ, ಮೀನಿನ ಬಲಕ್ಕೆ ಸೆಳವಿನ ಬಲವೂ ಸೇರಿ.

ಒಬ್ಬನೇ ಇದ್ದರೆ ಇಷ್ಟು ಸಾಕು. ಆದರೆ ಬ್ರೇಕಿಂಗ್ ಟೈಡಿನ ಮುಂಜಾನೆ ಭುಜಕ್ಕೆ ಭುಜ ತಾಗುವಂತೆ ನೂರಾರು ಜನ ನಿಂತಾಗ? ಎಲ್ಲರ ದಾರವೂ ಒಂದೇ ಸೆಳವಿನಲ್ಲಿ ಒಂದೇ ಕಡೆಗೆ ಜಾರುತ್ತಿರುತ್ತದೆ. ಒಬ್ಬ ತಡವಾಗಿ ಎಸೆದರೂ ಹತ್ತು ಮಂದಿಯ ದಾರ ಗಂಟು. ಹಾಗಾಗಿ ಹೇಳದೆಯೇ ಒಂದು ಲಯ ಹುಟ್ಟಿಕೊಳ್ಳುತ್ತದೆ. ಪಕ್ಕದವನ ಕೋಲು ಎದ್ದಾಗ ನಿಮ್ಮದು ಏಳಬೇಕು, ಅವನದು ಬಾಗಿದಾಗ ನಿಮ್ಮದು ಬಾಗಬೇಕು, ತಾಳ ತಪ್ಪಿದವನು ಇಡೀ ಸಾಲಿನ ಬೈಗುಳ ತಿನ್ನಬೇಕು. ನೋಡುತ್ತಿದ್ದರೆ ಹಳ್ಳಿಯ ಕೋಲಾಟವೇ ಕಣ್ಣಿಗೆ ಕಟ್ಟುತ್ತದೆ. ದೊಡ್ಡ ಮೀನು ಸಿಕ್ಕವನು ಕೂಗು ಹಾಕುತ್ತಾ ಕಲ್ಲಿಂದ ಕಲ್ಲಿಗೆ ಹಾರುತ್ತಾ ಸೆಳವಿನ ಜೊತೆ ಕೆಳಗೆ ಓಡುತ್ತಾನೆ, ಉಳಿದವರು ಕೋಲು ಎತ್ತಿ ಬಗ್ಗಿ ಅವನಿಗೆ ದಾರಿ ಬಿಡುತ್ತಾರೆ. ಪೈಂಟರು, ಪ್ಲಂಬರು, ಡಾಕ್ಟರು, ನಿವೃತ್ತ ಪೊಲೀಸು, ಪೋರ್ಚುಗೀಸ್ ಮೂಲದವರು, ಕೇಪ್ ವರ್ಡ್ ದ್ವೀಪಗಳಿಂದ ಬಂದವರ ಮೊಮ್ಮಕ್ಕಳು, ಎಲ್ಲ ಇದೇ ಸಾಲಿನಲ್ಲಿ. ತಮ್ಮನ್ನು ತಾವೇ ‘ಕೆನಾಲ್ ರ‍್ಯಾಟ್ಸ್’, ಕಾಲುವೆಯ ಇಲಿಗಳು, ಎಂದು ಕರೆದುಕೊಳ್ಳುತ್ತಾರೆ, ಹೆಮ್ಮೆಯಿಂದ.

ನೀರು ತಿರುಗುವ ಹೊತ್ತಿಗೆ ಆಟ ಬದಲಾಗುತ್ತದೆ. ಸೆಳವು ಸತ್ತಾಗ ತಳದ ಮೀನು ಮೇಲೇಳುತ್ತದೆ. ಎಲ್ಲೋ ದೂರದಲ್ಲಿ ಒಂದು ಬಿಳಿ ಸಿಡಿತ. ಆಮೇಲೆ ಎರಡು. ನೋಡನೋಡುತ್ತಿದ್ದಂತೆ ಅರ್ಧ ಕಾಲುವೆ ಸಿಡಿಯುತ್ತಿದೆ! ಮ್ಯಾಕರೆಲ್‌ಗಳು ಜೀವಭಯದಿಂದ ಗಾಳಿಗೆ ನೆಗೆಯುತ್ತವೆ, ಅವುಗಳ ಹಿಂದೆ ಅಗಲವಾದ ಬಾಲಗಳು, ಮೇಲೆ ಗಲ್ ಹಕ್ಕಿಗಳ ಅರಚಾಟ. ಜಿಗ್ ಬಿಚ್ಚಿ ಪೆನ್ಸಿಲ್ ಪಾಪರ್ ಕಟ್ಟುವ ಕೈಗಳು ನಡುಗುತ್ತವೆ. ಈ ಪಾಪರ್ ಎನ್ನುವುದು ನೀಳವಾದ ಮರದ ಮೀನು, ಹಿಂಭಾಗದಲ್ಲಿ ತೂಕ. ಕೋಲನ್ನು ಒಂದೇ ಸಮನೆ ಅಲುಗಿಸಿದರೆ ಗಾಯಗೊಂಡ ಮೀನು ಒದ್ದಾಡುವಂತೆ ಎಡಬಲ ತಲೆ ಬಡಿಯುತ್ತಾ ನೀರು ಚಿಮ್ಮಿಸುತ್ತದೆ. ಅದರ ಜೊತೆ ಸ್ಟ್ಯಾನ್ ಗಿಬ್ಸ್ ಎಂಬ ಹೆಸರು ಬೆಸೆದುಕೊಂಡಿದೆ. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಇದೇ ದಡದಲ್ಲಿ ಮೀನು ಹಿಡಿಯುತ್ತಾ, ಲೇತಿನಲ್ಲಿ ಮರ ಕಡೆದು ಹುಸಿ ಎರೆ ಮಾಡಿ, ಇದೇ ಕಾಲುವೆಯ ಸೆಳವಿನಲ್ಲಿ ಪರೀಕ್ಷಿಸಿದ ಮನುಷ್ಯ. ಬಝರ್ಡ್ಸ್ ಬೇ ಊರಿನ ಉದ್ಯಾನದಲ್ಲಿ ಇಂದು ಅವನ ಕಂಚಿನ ಪ್ರತಿಮೆಯಿದೆ, ಕೈಯಲ್ಲಿ ಕೋಲು, ಜೊತೆಗೆ ಮೀನು. ದಂಡನಾಯಕರಿಗೆ, ರಾಜಕಾರಣಿಗಳಿಗೆ ಪ್ರತಿಮೆ ನಿಲ್ಲಿಸುವ ಲೋಕದಲ್ಲಿ ಗಾಳಗಾರನಿಗೊಂದು! ಈ ಊರಿನ ಮೇಲೆ ನನಗೆ ಪ್ರೀತಿ ಹುಟ್ಟಲು ಇಷ್ಟೇ ಸಾಕಾಯಿತು.

ಇಷ್ಟರಲ್ಲೇ ಹಡಗು ಬರುತ್ತದೆ. ಕಾಲುವೆಯ ಎರಡು ತುದಿಗಳಲ್ಲೂ ರಸ್ತೆಯ ಸಿಗ್ನಲ್ಲಿನಂತೆ ಕೆಂಪು, ಹಳದಿ, ಹಸಿರು ದೀಪಗಳಿವೆ, ಹಡಗುಗಳಿಗೆ! ಅಮೆರಿಕ ಸೇನೆಯ ಇಂಜಿನಿಯರುಗಳ ದಳ ಹಗಲಿರುಳು ಕುಳಿತು ಸಂಚಾರ ನಿಯಂತ್ರಿಸುತ್ತದೆ. 65 ಅಡಿಗಿಂತ ಉದ್ದದ ಹಡಗು ಅಪ್ಪಣೆಯಿಲ್ಲದೆ ಒಳಗೆ ಬರುವಂತಿಲ್ಲ. ಹಾಯಿಯೊಂದನ್ನೇ ನಂಬಿ ಬರುವಂತಿಲ್ಲ, ಇಂಜಿನ್ ಇರಲೇಬೇಕು. ಇಲ್ಲಿ ಈಜುವಂತಿಲ್ಲ, ಮುಳುಗುಹಾಕುವಂತಿಲ್ಲ. ಎಲ್ಲಕ್ಕಿಂತ ಸೊಗಸಾದ ಕಾನೂನು ಒಂದಿದೆ: ನೆಲ ಕಡಿದು ತೋಡಿದ ಈ ಏಳು ಮೈಲಿಯಲ್ಲಿ ದೋಣಿಯಿಂದ ಮೀನು ಹಿಡಿಯುವಂತಿಲ್ಲ! ಲಕ್ಷಾಂತರ ಡಾಲರಿನ ದೋಣಿಯ ಒಡೆಯ ಮೀನು ಸಿಡಿಯುವುದನ್ನು ಕಣ್ಣಾರೆ ನೋಡುತ್ತಾ ಸುಮ್ಮನೆ ಹಾದುಹೋಗಬೇಕು. ಹಳೇ ಸೈಕಲ್ಲಿನವನು ದಡದಲ್ಲಿ ನಿಂತು ಹಿಡಿಯುತ್ತಾನೆ. ಈ ಭೂಮಿಯ ಮೇಲೆ ಇಂಥ ನ್ಯಾಯ ಎಷ್ಟು ಕಡೆ ಸಿಗುತ್ತದೆ ಹೇಳಿ! ಹಡಗು ಹತ್ತಿರವಾದಂತೆ ನೀರು ಒಮ್ಮೆ ದಡದಿಂದ ಹಿಂದೆ ಸರಿಯುತ್ತದೆ, ಆಮೇಲೆ ಅಲೆಯಾಗಿ ಕಲ್ಲುಗಳ ಮೇಲೆ ನುಗ್ಗುತ್ತದೆ. ಅನುಭವಸ್ಥರು ಎರಡು ಕಲ್ಲು ಮೇಲೆ ಹತ್ತಿ ನಿಲ್ಲುತ್ತಾರೆ, ಮಾತು ನಿಲ್ಲಿಸದೆ. ಪ್ರವಾಸಿ ಹಡಗಿನ ಬಾಲ್ಕನಿಯಲ್ಲಿ ಕಾಫಿ ಹಿಡಿದವರು ಕೈಬೀಸುತ್ತಾರೆ. ಹಡಗು ಹೋದ ಹಿಂದೆಯೇ ಮೀನು ಮತ್ತೆ ಸಿಡಿಯುತ್ತದೆ. ಸಣ್ಣಮೀನುಗಳ ದಿಕ್ಕು ಇನ್ನಷ್ಟು ಕೆಟ್ಟಿರುತ್ತದಲ್ಲ! ಮೀನಷ್ಟೇ ಅಲ್ಲ, ಕೆಲವೊಮ್ಮೆ ಅಳಿವಿನಂಚಿನ ರೈಟ್ ತಿಮಿಂಗಿಲಗಳೇ ಈ ದಾರಿಗೆ ಬಂದುಬಿಡುತ್ತವೆ. ಆಗ ಅವು ದಾಟುವವರೆಗೆ ಹಡಗುಗಳಿಗೇ ಕೆಂಪುದೀಪ.

ಇದನ್ನೆಲ್ಲ ತೋಡಿದ್ದು ಯಾರು? ಕೇಪ್ ಕಾಡ್ ಸುತ್ತಿಬರುವ ಹೊರಗಡಲಿನ ಮರಳುದಿಣ್ಣೆಗಳು ಸಾವಿರಾರು ಹಡಗುಗಳನ್ನು ನುಂಗಿದ್ದವು. ಅಡ್ಡದಾರಿ ಕಡಿಯುವ ಯೋಚನೆ 1620ರ ದಶಕದ ಪ್ಲಿಮತ್ ವಲಸಿಗರ ಕಾಲದಿಂದ ಇತ್ತು. 1776ರಲ್ಲಿ ಜಾರ್ಜ್ ವಾಷಿಂಗ್ಟನ್ ಸರ್ವೆ ಮಾಡಿಸಿದ್ದ. ಕೊನೆಗೆ ಕೈಹಾಕಿದವನು ಆಗಸ್ಟ್ ಬೆಲ್ಮಾಂಟ್ ಜೂನಿಯರ್, ನ್ಯೂಯಾರ್ಕಿನ ಮೊದಲ ಸಬ್‌ವೇ ರೈಲಿಗೆ ಬಂಡವಾಳ ಹೂಡಿದ ಹಣವಂತ, ಕುದುರೆ ಜೂಜಿನ ದೊರೆ. ಅವನ ತಾಯಿಯ ತಂದೆ ಯಾರು ಗೊತ್ತೇ? 1853ರಲ್ಲಿ ಹಡಗು ತಂದು ಜಪಾನಿನ ಬಾಗಿಲು ತಟ್ಟಿದ ಕಮೋಡೋರ್ ಪೆರಿ! 1909ರ ಜೂನ್‌ನಲ್ಲಿ ಕೆಲಸ ಆರಂಭ. ಹಿಮಯುಗದ ಹೆಬ್ಬಂಡೆಗಳು ಡ್ರೆಜರುಗಳ ಹಲ್ಲು ಮುರಿದವು, ಮುಳುಗುಗಾರರು ಇಳಿದು ಒಂದೊಂದಕ್ಕೂ ಡೈನಮೈಟ್ ಇಟ್ಟರು. 1914ರ ಜುಲೈ 29ರಂದು, ಪನಾಮಕ್ಕಿಂತ 17 ದಿನ ಮೊದಲು, ಕಾಲುವೆ ತೆರೆಯಿತು. ಆದರೆ ಆಗಿನ ಅಗಲ ಬರೇ ನೂರು ಅಡಿ. ಆ ಸೆಳವಿನಲ್ಲಿ ಆ ಇಕ್ಕಟ್ಟಿಗೆ ನುಗ್ಗಲು ನಾವಿಕರು ಹೆದರಿದರು, ಸುಂಕ ಕೊಟ್ಟು ಪ್ರಾಣ ಪಣಕ್ಕಿಡುವವರಾರು? ಬೆಲ್ಮಾಂಟ್‌ಗೆ ಲಾಭ ಬರಲಿಲ್ಲ. 1928ರಲ್ಲಿ ಸರ್ಕಾರ 115 ಲಕ್ಷ ಡಾಲರಿಗೆ ಕೊಂಡು, ಸುಂಕ ತೆಗೆದು, 1930ರ ದಶಕದಲ್ಲಿ ಈಗಿನ ಅಗಲಕ್ಕೆ ಹಿಗ್ಗಿಸಿತು. 1935ರಲ್ಲಿ ಮೂರು ಸೇತುವೆಗಳು ಎದ್ದವು. ರಸ್ತೆಯ ಎರಡು ಸೇತುವೆಗಳಾದ ಬೋರ್ನ್ ಮತ್ತು ಸಾಗಮೋರ್ ನೀರಿನಿಂದ 135 ಅಡಿ ಎತ್ತರದಲ್ಲಿ ಹಾಯುತ್ತವೆ. ಬಾಸ್ಟನ್ನಿನ ಕನ್ನಡಿಗರು ಬೇಸಿಗೆಯಲ್ಲಿ ಕೇಪ್ ಕಾಡ್ ಬೀಚಿಗೆ ಹೋಗುವುದು ಇವುಗಳ ಮೇಲೇ, ಬೇರೆ ರಸ್ತೆಯಿಲ್ಲ. ಸಾಗಮೋರ್ ಮೇಲಿನ ಟ್ರಾಫಿಕ್ಕಿಗೆ ಸಿಕ್ಕಿ ಗೊಣಗುವಾಗ ಒಮ್ಮೆ ಕೆಳಗೆ ನೋಡಿದರೆ ಸಾಕು, ಕೋಲು ಹಿಡಿದವರು ಕಾಣುತ್ತಾರೆ. ಮೂರನೆಯದು ರೈಲಿನದು: 544 ಅಡಿಯ ಇಡೀ ಸೇತುವೆಯೇ ಎರಡು ಗೋಪುರಗಳ ನಡುವೆ ನೆಟ್ಟಗೆ ಮೇಲೆದ್ದು ನಿಂತಿರುತ್ತದೆ, ರೈಲು ಬಂದಾಗ ಮಾತ್ರ ಕೆಳಗಿಳಿಯುತ್ತದೆ. ಕಟ್ಟಿದ ಕಾಲಕ್ಕೆ ಈ ಜಾತಿಯಲ್ಲಿ ಜಗತ್ತಿನಲ್ಲೇ ಉದ್ದನೆಯದು.

ಕಾಲುವೆಯ ದಾರಿ ನೂರಕ್ಕೂ ಹೆಚ್ಚು ಮೈಲಿಗಳ ಸುತ್ತನ್ನು ಉಳಿಸುತ್ತದೆ. ಅದರ ಬೆಲೆ ಎಷ್ಟೆಂದು 1942ರಲ್ಲಿ ಒಮ್ಮೆ ತಿಳಿಯಿತು. ಜೂನ್ ಕೊನೆಗೆ ‘ಸ್ಟೀಫನ್ ಆರ್. ಜೋನ್ಸ್’ ಎಂಬ ಕಲ್ಲಿದ್ದಲ ಹಡಗು ಇಲ್ಲಿ ಮುಳುಗಿ ದಾರಿ ಮುಚ್ಚಿತು. ಹೊರಗಡಲನ್ನು ಸುತ್ತಿ ಹೋಗಬೇಕಾಗಿ ಬಂದ ‘ಅಲೆಕ್ಸಾಂಡರ್ ಮೇಕಂಬ್’ ಎಂಬ ಹಡಗನ್ನು ಜರ್ಮನ್ ಜಲಾಂತರ್ಗಾಮಿ ಹೊಡೆದುರುಳಿಸಿತು.

ಮತ್ತೆ ಮೀನಿಗೆ ಬರೋಣ. ಈ ಮೀನಿಗೂ ಈ ನೆಲಕ್ಕೂ ನಡುವಿನ ಲೇವಾದೇವಿ ಹಳೆಯದು. 1639ರಲ್ಲೇ ಮ್ಯಾಸಚೂಸೆಟ್ಸ್ ಬೇ ವಸಾಹತು ಸ್ಟ್ರೈಪರ್ ಮತ್ತು ಕಾಡ್ ಮೀನುಗಳನ್ನು ಹೊಲಕ್ಕೆ ಗೊಬ್ಬರವಾಗಿ ಹಾಕಬಾರದೆಂದು ಕಾನೂನು ಮಾಡಿತ್ತು. ಗೊಬ್ಬರಕ್ಕೆ ಹಾಕುವಷ್ಟು ಮೀನು! 1670ರಲ್ಲಿ ಪ್ಲಿಮತ್ ವಸಾಹತು ಕೇಪ್‌ನ ಮೀನುಗಾರಿಕೆಯ ಆದಾಯವನ್ನು ಉಚಿತ ಶಾಲೆಯೊಂದಕ್ಕೆ ತೆಗೆದಿಟ್ಟಿತು. ಹೊಸ ನೀರಿಗೆ ಹೊಂದಿಕೊಳ್ಳುವ ಈ ಮೀನಿನ ತಾಕತ್ತಿಗೆ ಬೇರೆ ಸಾಕ್ಷಿಯೂ ಉಂಟು: 1879ರಲ್ಲಿ ನ್ಯೂಜೆರ್ಸಿಯ ನದಿಯಿಂದ ನೂರಕ್ಕೂ ಹೆಚ್ಚು ಎಳೆ ಮೀನುಗಳನ್ನು ರೈಲಿನಲ್ಲಿ ಖಂಡ ದಾಟಿಸಿ ಕ್ಯಾಲಿಫೋರ್ನಿಯಾದಲ್ಲಿ ಬಿಟ್ಟರು, ಮೂರು ವರ್ಷದ ಬಳಿಕ ಇನ್ನೊಂದು ಕಂತು. ಅಷ್ಟರಿಂದಲೇ ಪೆಸಿಫಿಕ್ ತೀರದಲ್ಲಿ ಅದರ ವಂಶ ಬೆಳೆದುಬಿಟ್ಟಿತು! ಗಾಳದಲ್ಲಿ ಸಿಕ್ಕ ವಿಶ್ವದಾಖಲೆಯ ಸ್ಟ್ರೈಪರ್ 2011ರ ಆಗಸ್ಟ್‌ನಲ್ಲಿ ಕನೆಕ್ಟಿಕಟ್ ತೀರದಲ್ಲಿ ಗ್ರೆಗ್ ಮೈಯರ್ಸನ್ ಹಿಡಿದದ್ದು, 81.88 ಪೌಂಡು. ಅಂದರೆ 37 ಕಿಲೋ ದಾಟಿದ ಮೀನು.

ಆದರೆ ಸಮುದ್ರ ಕೊಟ್ಟದ್ದನ್ನು ಮನುಷ್ಯ ಲೆಕ್ಕವಿಡದೆ ತಿಂದ. 1970ರ ದಶಕದ ಕೊನೆಗೆ ಸ್ಟ್ರೈಪರ್ ಸಂತತಿ ಕುಸಿಯಿತು. 1984ರಲ್ಲಿ ಅಮೆರಿಕದ ಸಂಸತ್ತು ಇದಕ್ಕೆಂದೇ ರಕ್ಷಣಾ ಕಾಯ್ದೆ ಮಾಡಿತು, ಮೇರಿಲ್ಯಾಂಡ್ 1985ರಿಂದ 1990ರವರೆಗೆ ಹಿಡಿಯುವುದನ್ನೇ ನಿಲ್ಲಿಸಿತು. 1995ರ ಹೊತ್ತಿಗೆ ಮೀನು ಮರಳಿ ಬಂತು! ಮತ್ತೆ ಹಿಡಿತ ಹೆಚ್ಚಿತು. 2019ರ ಮೌಲ್ಯಮಾಪನ ಮತ್ತೆ ಅಪಾಯದ ಗಂಟೆ ಬಾರಿಸಿತು. ಅದೇ ವರ್ಷದಿಂದೀಚೆಗೆ ಚೆಸಪೀಕ್‌ನ ಮರಿಗಳ ಎಣಿಕೆ ಸರಾಸರಿಗಿಂತ ಬಹಳ ಕೆಳಗಿದೆ. ಈಗ ಮ್ಯಾಸಚೂಸೆಟ್ಸ್‌ನ ಹವ್ಯಾಸಿ ಗಾಳಗಾರ ದಿನಕ್ಕೆ ಒಂದೇ ಮೀನು ಇಟ್ಟುಕೊಳ್ಳಬಹುದು, ಅದೂ 28 ಇಂಚಿಗೆ ಕಡಿಮೆಯಿರದೆ, 31 ಇಂಚು ಮುಟ್ಟದೆ ಇರಬೇಕು. ಮೂರು ಇಂಚಿನ ಕಿಂಡಿ! ಅದಕ್ಕಿಂತ ದೊಡ್ಡದು ಸಿಕ್ಕರೆ ವಾಪಸು. ದೊಡ್ಡವೆಲ್ಲ ಬಹುತೇಕ ಹೆಣ್ಣು, ಒಂದೊಂದೂ ಲಕ್ಷಗಟ್ಟಲೆ ಮೊಟ್ಟೆ ಹೊತ್ತವು. ಕಾಲುವೆಯ ಭಾಷೆಯಲ್ಲಿ ಅವಕ್ಕೆ ‘ಹಸು’ ಎಂದೇ ಹೆಸರು.

ಇದರಿಂದ ಆಟದ ಸೊಗಸು ಕೆಟ್ಟಿತೇ? ನನಗೆ ಹಾಗನ್ನಿಸುವುದಿಲ್ಲ. ನಲವತ್ತು ಪೌಂಡಿನ ಹಸುವನ್ನು ಎಳೆದುತಂದವನು ಈಗ ಮಂಡಿಯುದ್ದ ನೀರಿಗಿಳಿದು, ಕೆಳದವಡೆ ಹಿಡಿದು, ಸೆಳವಿಗೆ ಮುಖ ಮಾಡಿಸಿ, ಕಿವಿರಿಗೆ ನೀರು ತುಂಬುವವರೆಗೆ ಕಾಯುತ್ತಾನೆ. ಅದು ಬಾಲ ಬೀಸಿ ಅವನ ಮುಖಕ್ಕೆ ನೀರು ಎರಚಿ ಹೋಗುತ್ತದೆ. ಪಕ್ಕದವನು ಅಷ್ಟರಲ್ಲಿ ಅವನ ಜಾಗಕ್ಕೆ ಎಸೆದಿರುತ್ತಾನೆ.

ಅಕ್ಟೋಬರ್ ಬಂದಾಗ ಇನ್ನೊಂದು ಸಂತೆ. ವಸಂತದಲ್ಲಿ ಏಣಿ ಹತ್ತಿ ಹೋದ ಹೆರಿಂಗ್‌ಗಳ ಮಕ್ಕಳು, ಬೆರಳುದ್ದದವು, ಮಳೆ ಬಿದ್ದು ತೊರೆ ಏರಿದ ದಿನ ಗುಂಪುಗುಂಪಾಗಿ ಕೆರೆಯಿಂದ ಇಳಿಯುತ್ತವೆ. ಹುಟ್ಟಿದಮೇಲೆ ಮೊದಲ ಸಲ ಅವು ಉಪ್ಪುನೀರು ಕಾಣುವುದು ಈ ಕಾಲುವೆಯಲ್ಲಿ. ಅದೇ ವಾರಗಳಲ್ಲಿ ಉತ್ತರದಿಂದ ಸ್ಟ್ರೈಪರ್‌ಗಳು ದಕ್ಷಿಣಕ್ಕೆ ಮರಳುತ್ತಾ, ಚಳಿಗಾಲಕ್ಕೆ ಕೊಬ್ಬು ಕೂಡಿಸಿಕೊಳ್ಳುತ್ತಾ, ಇಲ್ಲಿಗೆ ಬರುತ್ತವೆ. ಬೋರ್ನ್‌ಡೇಲಿನ ಏಣಿಯ ಬಾಯಿಯಲ್ಲಿ ರಾತ್ರಿಯಿಡೀ ಚಪಚಪ ಸದ್ದು. ದಪ್ಪ ಜಾಕೆಟ್ಟು ತೊಟ್ಟವರು ನಾಲ್ಕು ಔನ್ಸಿನ ಜಿಗ್ ಬಿಚ್ಚಿ ಬೆರಳುದ್ದದ ಸಣ್ಣದೊಂದನ್ನು ಕಟ್ಟಿಕೊಳ್ಳುತ್ತಾರೆ, ಪಂಚಾಂಗ ತಿರುವುತ್ತಾರೆ, ನಾಳೆ ನೀರು ತಿರುಗುವುದು ಎಷ್ಟಕ್ಕೆ ಎಂದು ಪಕ್ಕದವನಿಗೆ ಹೇಳುತ್ತಾರೆ. ಯಾವ ಕಂಬದ ಬಳಿ ಎಂಬುದನ್ನು ಮಾತ್ರ ಹೇಳುವುದಿಲ್ಲ.